ಗ್ರಂಥಭಂಡಾರಿಯ ಸ್ವಂತ ಎರವಲು

ವಿದ್ಯಾಸಂಸ್ಥೆಗಳ ಗ್ರಂಥಭಂಡಾರದ ನಿಯಮಾವಳಿಯನ್ನು ತೆರೆದು ನೋಡಿದರೆ ವಿದ್ಯಾರ್ಥಿಗೆ ಸಂಬಂಧಿಸಿದ ವಿಷಯ ಅಲ್ಲಿ ವಿಸ್ತಾರವಾಗಿಯೇ ಇರುತ್ತದೆ. ಒಮ್ಮೆಗೆ ಎಷ್ಟು ಪುಸ್ತಕ, ಎಷ್ಟು ದಿನದ ಅವಧಿ, ತಡವಾದರೆ ದಿನವೊಂದಕ್ಕೆ ಎಷ್ಟು ದಂಡ, ಹಾಳೆ ಹರಿದರೆ ಏನು, ಪುಸ್ತಕವೇ ಕಳೆದರೆ ಏನು ಎಂಬುದೆಲ್ಲ ಅಂಕೆಸಂಖ್ಯೆಗಳ ಸಹಿತ ಅಚ್ಚಾಗಿರುತ್ತದೆ. ಅಧ್ಯಾಪಕರ ವಿಷಯವೂ ಎರಡು ಸಾಲಿನಲ್ಲಿ ಬರುತ್ತದೆ. ಆದರೆ ಬೆಳಿಗ್ಗೆ ಬೀಗ ತೆರೆದು ಸಂಜೆ ಬೀಗ ಹಾಕುವ ಗ್ರಂಥಪಾಲಕರು, ಅವರ ಸಹಾಯಕರು, ಕಪಾಟುಗಳ ಧೂಳು ಒರೆಸುವ ಸೇವಕರು ತಮ್ಮ ಸ್ವಂತಕ್ಕೆ ಪುಸ್ತಕ ಬೇಕಾದಾಗ ಹೇಗೆ ನಡೆದುಕೊಳ್ಳಬೇಕೆಂಬ ಬಗ್ಗೆ ಬಹುತೇಕ ಕಡೆ ಒಂದು ಅಕ್ಷರವೂ ಇರುವುದಿಲ್ಲ. ಈ ಮೌನದ ಹಿಂದೆ ದುರುದ್ದೇಶವಿಲ್ಲ. ಮನೆಯವರಿಗೆ ಮನೆಯ ಅಡುಗೆಮನೆಯಲ್ಲಿ ನಿಯಮವೇಕೆ ಎಂಬ ವಿಶ್ವಾಸವೇ ಅದಕ್ಕೆ ಕಾರಣ. ಆ ವಿಶ್ವಾಸ ಸಲ್ಲದೆಂದು ಇಲ್ಲಿ ವಾದವಲ್ಲ. ಬರೆಯದೆ ಬಿಟ್ಟ ವಿಶ್ವಾಸದಿಂದ ವಿದ್ಯಾರ್ಥಿಗೂ ನಷ್ಟವಿದೆ, ಸ್ವತಃ ಆ ನೌಕರರಿಗೂ ನಷ್ಟವಿದೆ ಎಂಬುದಷ್ಟೇ ವಿಚಾರಾರ್ಹವಾದ ಮಾತು.

ಮೊದಲಿಗೆ ಒಂದು ವಿಷಯ ಸ್ಪಷ್ಟವಾಗಬೇಕು. ಗ್ರಂಥಾಲಯದ ನೌಕರರು ಗ್ರಂಥಾಲಯದ ಪುಸ್ತಕವನ್ನು ಓದಬಾರದು, ಮನೆಗೊಯ್ಯಬಾರದು ಎಂದು ಹೇಳುವವರು ಗ್ರಂಥಾಲಯವನ್ನು ಉಗ್ರಾಣವೆಂದು ತಿಳಿದವರು. ಭಾರತದ ಗ್ರಂಥಾಲಯ ಶಾಸ್ತ್ರಕ್ಕೆ ತಳಹದಿ ಹಾಕಿದ ಶಿಯಾಳಿ ರಾಮಾಮೃತ ರಂಗನಾಥನ್ ಅವರು 1931ರಲ್ಲಿ ತಮ್ಮ ಪಂಚಸೂತ್ರಗಳ ಗ್ರಂಥವನ್ನು ಪ್ರಕಟಿಸಿದಾಗ ಎಲ್ಲಕ್ಕಿಂತ ಮೊದಲು ಇಟ್ಟದ್ದು ಬಳಕೆಯ ತತ್ತ್ವವನ್ನೇ. ಕಪಾಟಿನಲ್ಲಿ ಕೊಳೆಯುವ ಪುಸ್ತಕಕ್ಕೆ ಅವರ ಶಾಸ್ತ್ರದಲ್ಲಿ ಮರ್ಯಾದೆಯಿಲ್ಲ. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಮುಂದೆ ಬೆಂಗಳೂರಿನಲ್ಲಿ ನೆಲೆಸಿ 1962ರಲ್ಲಿ ಅಲ್ಲಿ ದಾಖಲೆ ಶಾಸ್ತ್ರದ ಸಂಶೋಧನ ಹಾಗೂ ಶಿಕ್ಷಣ ಕೇಂದ್ರವನ್ನು ಕಟ್ಟಿದರು. 1972ರಲ್ಲಿ ಅದೇ ಊರಿನಲ್ಲಿ ಕಾಲವಾದರು. ಅವರ ಹೆಸರಿನಲ್ಲಿ ಪ್ರತಿವರ್ಷ ಆಗಸ್ಟ್ 12ರಂದು ಗ್ರಂಥಪಾಲಕರ ದಿನವನ್ನು ಆಚರಿಸುವ ಶಾಲೆಗಳು ಕನ್ನಡನಾಡಿನಲ್ಲಿ ಬೇಕಾದಷ್ಟಿವೆ. ಆ ದಿನ ಹಾರ ಹಾಕಿಸಿಕೊಳ್ಳುವ ಗ್ರಂಥಪಾಲಕರು ವರ್ಷಕ್ಕೆ ಹತ್ತು ಹೊಸ ಪುಸ್ತಕಗಳನ್ನಾದರೂ ಓದಿರಬೇಕೆಂದು ಬಯಸುವುದು ಅತಿಯಾಸೆಯಲ್ಲ. ಪುಸ್ತಕದ ಒಳಗೇನಿದೆ ಎಂದು ಅರಿಯದವರು ಎಂಟನೆಯ ತರಗತಿಯ ಹುಡುಗನ ಕೈಗೆ ಯಾವುದನ್ನು ಕೊಟ್ಟಾರು? ಆದಕಾರಣ ನೌಕರರ ಎರವಲು ಹಕ್ಕು ಸಂಕುಚಿತವಾಗಬಾರದು. ವಿದ್ಯಾರ್ಥಿಗೆ ಎರಡು ಪುಸ್ತಕವಾದರೆ ಗ್ರಂಥಾಲಯದ ಸಿಬ್ಬಂದಿಗೆ ನಾಲ್ಕು ಇರಲಿ, ಧೂಳು ಒರೆಸುವ ಸೇವಕರಿಗೂ ಆ ನಾಲ್ಕು ಇರಲಿ. ಅವರಲ್ಲಿ ರಾತ್ರಿ ಓದಿ ಪರೀಕ್ಷೆ ಕಟ್ಟಿದವರು ಎಷ್ಟೋ ಮಂದಿ ಇದ್ದಾರೆ.

ಹಾಗಾದರೆ ತೊಡಕು ಎಲ್ಲಿದೆ? ಅದು ಇರುವುದು ತಮ್ಮ ಎರವಲನ್ನು ತಾವೇ ಬರೆದುಕೊಳ್ಳುವ, ಅಥವಾ ಬರೆಯದೆಯೇ ಬಿಡುವ ಅವಕಾಶದಲ್ಲಿ.

ಮಠದ ಪ್ರಸಾದನಿಲಯದಲ್ಲಿದ್ದು ಓದುವ ಹುಡುಗನೊಬ್ಬನ ಸ್ಥಿತಿಯನ್ನು ಕಲ್ಪಿಸಿಕೊಳ್ಳಬಹುದು. ಸ್ಪರ್ಧಾತ್ಮಕ ಪರೀಕ್ಷೆಗೆ ಬೇಕಾದ ದೊಡ್ಡ ಬೆಲೆಯ ಪುಸ್ತಕ ಗ್ರಂಥಾಲಯದಲ್ಲಿ ಒಂದೇ ಪ್ರತಿ ಇದೆ. ಪೇಟೆಯಲ್ಲಿ ಕೊಳ್ಳುವ ಶಕ್ತಿ ಅವನ ತಂದೆಗಿಲ್ಲ. ಜೂನ್ ತಿಂಗಳಲ್ಲಿ ಕೇಳಿದಾಗ ಪುಸ್ತಕ ಹೊರಗೆ ಹೋಗಿದೆ ಎಂದು ಉತ್ತರ ಬರುತ್ತದೆ. ದಸರೆಯ ರಜೆ ಕಳೆದು ಬಂದು ಕೇಳಿದರೂ ಅದೇ ಉತ್ತರ. ಮೂರನೆಯ ಸಲ ಕೇಳಲು ಅವನಿಗೆ ಸಂಕೋಚ. ಪುಸ್ತಕ ನಿಜಕ್ಕೂ ಹೊರಗೇ ಇದೆ, ಗ್ರಂಥಾಲಯದ ಸಿಬ್ಬಂದಿಯೊಬ್ಬರ ಮನೆಯಲ್ಲಿ ಅವರ ಮಗಳ ಮೇಜಿನ ಮೇಲೆ. ಕಳವಾಗಿಲ್ಲ, ಹರಿದಿಲ್ಲ. ಬಹುಶಃ ಕಾಗದದ ಹೊದಿಕೆ ಹಾಕಿ ಜೋಪಾನವಾಗಿಯೇ ಇಟ್ಟಿದ್ದಾರೆ. ಮಾರ್ಚಿಯಲ್ಲಿ ಪುಸ್ತಕಗಳ ಎಣಿಕೆ ಬಂದಾಗ ಅದು ಕಪಾಟಿಗೆ ಮರಳಿರುತ್ತದೆ. ಪ್ರವೇಶ ಸಂಖ್ಯೆಯ ಮುಂದೆ ಪರಿಶೀಲಕರು ಕೆಂಪು ಶಾಯಿಯಲ್ಲಿ ಸರಿ ಎಂದು ಗುರುತು ಹಾಕುತ್ತಾರೆ. ವರದಿಯಲ್ಲಿ ನಷ್ಟ ಸೊನ್ನೆ.

ವಾರ್ಷಿಕ ಎಣಿಕೆ ಪುಸ್ತಕಗಳನ್ನು ಎಣಿಸುತ್ತದೆಯೇ ಹೊರತು ದಿನಗಳನ್ನು ಎಣಿಸುವುದಿಲ್ಲ. ಆ ಹುಡುಗ ಕಳೆದುಕೊಂಡ ಒಂಬತ್ತು ತಿಂಗಳು ಯಾವ ರಿಜಿಸ್ಟರಿನಲ್ಲಿಯೂ ಬರುವುದಿಲ್ಲ. ನೌಕರರ ಸ್ವಂತ ಬಳಕೆಯ ಪ್ರಶ್ನೆಯನ್ನು ಕಳ್ಳತನದ ಪ್ರಶ್ನೆಯೆಂದು ಭಾವಿಸಿದ್ದರಿಂದಲೇ ಅದು ಇಂದಿನವರೆಗೆ ಬಗೆಹರಿಯದೆ ಉಳಿದಿದೆ. ಕಳ್ಳತನ ಮಾಡುವ ಗ್ರಂಥಪಾಲಕರು ವಿರಳ. ಇತರರಿಗೆ ಇರುವ ಗಡುವು ತಮಗಿಲ್ಲವೆಂದು ಭಾವಿಸುವವರು ವಿರಳವಲ್ಲ. ಇಷ್ಟಾಗಿಯೂ ಆ ತಂದೆ ಕೆಟ್ಟವರೆಂದು ಹೇಳಲಾಗದು. ಮಗಳ ಓದಿಗಾಗಿ ಕಷ್ಟಪಡುವ ಯಾವ ತಂದೆಯಾದರೂ ಅಷ್ಟು ಮಾಡಿಯಾರು. ಎರವಲು ಚೀಟಿಯಲ್ಲಿ ಒಂದು ಹೆಸರು, ಒಂದು ತಾರೀಖು ಇದ್ದಿದ್ದರೆ ಆ ಹುಡುಗ ಕೇಳಿದ ಹದಿನೈದನೆಯ ದಿನ ಪುಸ್ತಕ ಹಿಂದಕ್ಕೆ ಬರುತ್ತಿತ್ತು, ಮತ್ತೆ ಸರದಿಯಂತೆ ಮಗಳಿಗೂ ಸಿಕ್ಕುತ್ತಿತ್ತು.

ಶರಣ ಪರಂಪರೆಯನ್ನು ಅರಿತವರಿಗೆ ಈ ವಿಚಾರ ಹೊಸದಾಗಿ ತೋರಬೇಕಾಗಿಲ್ಲ. ಆಯ್ದಕ್ಕಿ ಮಾರಯ್ಯನ ಕಥೆ ಮಠದ ಶಾಲೆಯ ಮಕ್ಕಳಿಗೆಲ್ಲ ಗೊತ್ತು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಲು ಗಂಡನನ್ನು ಹಿಂದಕ್ಕೆ ಕಳಿಸುತ್ತಾಳೆ. ಆ ಅಕ್ಕಿ ಕದ್ದದ್ದಾಗಿರಲಿಲ್ಲ. ಅಂಗಳದಲ್ಲಿ ಬಿದ್ದದ್ದು, ಯಾರೂ ಕೇಳದಿದ್ದದ್ದು. ಆದರೂ ಅಂದಿನ ಅಗತ್ಯಕ್ಕೆ ಮೀರಿದ್ದು. ಇನ್ನು ಬಸವಣ್ಣನವರೇ ಬಿಜ್ಜಳನ ಭಂಡಾರಿಗಳಾಗಿದ್ದವರು. ಭಂಡಾರದ ಹಣ ಜಂಗಮರಿಗೆ ವ್ಯಯವಾಗುತ್ತಿದೆಯೆಂದು ಮತ್ಸರಿಸುವವರು ಅರಸನಲ್ಲಿ ದೂರಿದರೆಂದೂ, ಎಣಿಸಿ ನೋಡಿದಾಗ ಹೊನ್ನು ಕಿಂಚಿತ್ತೂ ಕಡಮೆಯಾಗಿರಲಿಲ್ಲವೆಂದೂ ಪುರಾಣಗಳು ಹೇಳುತ್ತವೆ. ಈ ಪ್ರಸಂಗವನ್ನು ಸಾಮಾನ್ಯವಾಗಿ ಪವಾಡವೆಂದು ಹೇಳಿ ಮುಗಿಸುವುದು ವಾಡಿಕೆ. ಅದರಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ದೂರು ಬಂದಾಗ ಭಂಡಾರ ತೆರೆಯಿತು, ಎಣಿಕೆ ನಡೆಯಿತು. ತಮ್ಮಂಥವರನ್ನು ಸಂಶಯಿಸಬಹುದೇ ಎಂದು ಭಂಡಾರಿಗಳು ಮುನಿದು ಬಾಗಿಲು ಮುಚ್ಚಲಿಲ್ಲ. ಲೆಕ್ಕ ಕೇಳುವುದನ್ನು ಅವಮಾನವೆಂದು ತಿಳಿಯುವ ಇಂದಿನ ಪ್ರವೃತ್ತಿಗೆ ಆ ಭಂಡಾರಿಗಳ ನಡೆಯಲ್ಲಿ ಆಧಾರ ಸಿಕ್ಕದು.

ಹಾಗೆಂದು ದಾಸೋಹದ ಉಪಮೆಯನ್ನು ತೀರ ಎಳೆಯಬಾರದು. ಬಡಿಸುವವರು ಪಂಕ್ತಿ ಎದ್ದ ಮೇಲೆ ಊಟಕ್ಕೆ ಕೂಡುವುದು ದಾಸೋಹದ ಮನೆಯ ಪದ್ಧತಿಯಾದ್ದರಿಂದ ಗ್ರಂಥಪಾಲಕರೂ ಎಲ್ಲರೂ ಓದಿ ಮುಗಿಸಿದ ಮೇಲೆಯೇ ಓದಲಿ ಎಂದು ಕೆಲವು ಆಡಳಿತ ಮಂಡಳಿಯವರು ವಾದಿಸುವುದುಂಟು. ಪುಸ್ತಕದ ಪಂಕ್ತಿ ಎಂದಿಗೂ ಏಳುವುದಿಲ್ಲ. ಹಾಗಾದರೆ ಅವರ ಸರದಿ ಬರುವುದು ನಿವೃತ್ತಿಯ ನಂತರ! ಹೊಸ ಪುಸ್ತಕಗಳನ್ನು ಹದಿನೈದು ದಿನ ಎಲ್ಲರ ಕಣ್ಣಿಗೂ ಬೀಳುವಂತೆ ಪ್ರದರ್ಶನದ ಮೇಜಿನ ಮೇಲೆ ಇಟ್ಟು, ಬೇಕಾದವರ ಹೆಸರು ಬರೆದುಕೊಂಡು, ಆ ಸರದಿಯಲ್ಲಿಯೇ ಸಿಬ್ಬಂದಿಯ ಹೆಸರನ್ನೂ ಸೇರಿಸಿದರೆ ಸಾಕು.

ನಿಯಮದ ತಿರುಳು ಒಂದೇ ವಾಕ್ಯದಷ್ಟು: ತನ್ನ ಎರವಲನ್ನು ತಾನು ಬರೆದುಕೊಳ್ಳಬಾರದು. ನೀಡುವುದು, ಹಿಂದಕ್ಕೆ ಪಡೆಯುವುದು, ಅವಧಿ ಮುಂದುವರಿಸುವುದು, ದಂಡ ಮನ್ನಾ ಮಾಡುವುದು ಈ ನಾಲ್ಕೂ ಕೆಲಸ ಸಿಬ್ಬಂದಿಯ ಸ್ವಂತ ಖಾತೆಯ ಮಟ್ಟಿಗೆ ಇನ್ನೊಬ್ಬರ ಕೈಯಿಂದ ಆಗಬೇಕು. ಹೆಂಡತಿ, ಮಕ್ಕಳು, ಅಣ್ಣತಮ್ಮಂದಿರ ಹೆಸರಿನ ಖಾತೆಗಳಿದ್ದರೆ ಅವುಗಳಿಗೂ ಇದೇ ಕಟ್ಟು. ಬ್ಯಾಂಕಿನ ಗುಮಾಸ್ತನೊಬ್ಬ ತನ್ನ ಉಳಿತಾಯ ಖಾತೆಗೆ ತಾನೇ ಹಣ ಜಮೆ ಬರೆದುಕೊಳ್ಳುವುದನ್ನು ಯಾರೂ ಒಪ್ಪುವುದಿಲ್ಲವಷ್ಟೆ. ಒಬ್ಬರೇ ನೌಕರರಿರುವ ಗ್ರಂಥಾಲಯದಲ್ಲಿ ಇನ್ನೊಬ್ಬರು ಎಲ್ಲಿಂದ ಬರಬೇಕೆಂಬ ಆಕ್ಷೇಪ ನ್ಯಾಯವಾದದ್ದು. ಪ್ರೌಢಶಾಲೆಗಳಲ್ಲಿ ಗ್ರಂಥಪಾಲಕರ ಹುದ್ದೆಯೇ ಇಲ್ಲದೆ, ಭಾಷಾ ಅಧ್ಯಾಪಕರೊಬ್ಬರು ಪಾಠದ ಜೊತೆಗೆ ಕಪಾಟುಗಳ ಬೀಗದ ಕೈಯನ್ನೂ ಹೊತ್ತಿರುವುದೇ ಹೆಚ್ಚು. ಅಂಥಲ್ಲಿ ವಾರಕ್ಕೊಮ್ಮೆ, ಶನಿವಾರ ಮಧ್ಯಾಹ್ನ ಎನ್ನೋಣ, ಮುಖ್ಯೋಪಾಧ್ಯಾಯರು ಸಿಬ್ಬಂದಿಯ ಎರವಲು ಪುಟವನ್ನು ನೋಡಿ ಸಹಿ ಹಾಕಿದರೆ ಐದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ.

ಹಿಂದೆ ಪುಸ್ತಕದ ಒಳಗಿನ ಕಾರ್ಡನ್ನು ತೆಗೆದು ಓದುಗನ ಚೀಟಿಯ ಲಕೋಟೆಯಲ್ಲಿ ಇಟ್ಟು, ತಾರೀಖಿನ ಕ್ರಮದಲ್ಲಿ ಮರದ ತಟ್ಟೆಯಲ್ಲಿ ಜೋಡಿಸುತ್ತಿದ್ದಾಗ ಯಾರ ಬಳಿ ಏನಿದೆ ಎಂಬುದು ಮೇಜಿನ ಮುಂದೆ ನಿಂತವರಿಗೂ ತಕ್ಕಮಟ್ಟಿಗೆ ಕಾಣುತ್ತಿತ್ತು. ಗಣಕಯಂತ್ರ ಬಂದ ಮೇಲೆ ಅದು ಪರದೆಯ ಹಿಂದೆ ಸರಿದಿದೆ. ಕೇಂದ್ರ ಸರ್ಕಾರದ ಸೂಚನಾ ವಿಜ್ಞಾನ ಕೇಂದ್ರ ರೂಪಿಸಿದ ಇ-ಗ್ರಂಥಾಲಯ, ನ್ಯೂಜಿಲೆಂಡಿನಲ್ಲಿ ಹುಟ್ಟಿ ಉಚಿತವಾಗಿ ದೊರೆಯುವ ಕೋಹಾ ಮೊದಲಾದ ತಂತ್ರಾಂಶಗಳಲ್ಲಿ ಪ್ರತಿಯೊಬ್ಬ ಸಿಬ್ಬಂದಿಗೂ ಪ್ರತ್ಯೇಕ ಪ್ರವೇಶ ಪದ ಕೊಡುವ, ಯಾರು ಏನು ಮಾಡಬಹುದೆಂದು ಮಿತಿ ಹಾಕುವ ಏರ್ಪಾಡು ಇದ್ದೇ ಇದೆ. ಆದರೆ ವಾಸ್ತವದಲ್ಲಿ ನಡೆಯುವುದು ಬೇರೆ. ಸಂಸ್ಥೆಯ ಹೆಸರನ್ನೇ ಪಾಸ್‌ವರ್ಡ್ ಮಾಡಿ, ಅದನ್ನು ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿ, ಗ್ರಂಥಪಾಲಕರಿಂದ ಹಿಡಿದು ಬಿಡುವಿನ ವೇಳೆಯಲ್ಲಿ ನೆರವಿಗೆ ಬರುವ ಹತ್ತನೆಯ ತರಗತಿಯ ಹುಡುಗರವರೆಗೆ ಎಲ್ಲರೂ ಅದರಲ್ಲಿಯೇ ಕೆಲಸ ಮಾಡುತ್ತಾರೆ. ನಾಳೆ ದಂಡದ ಹಣ ಕಾಣೆಯಾದರೆ, ಪುಸ್ತಕವೊಂದು ಬಾರದಿದ್ದರೂ ಬಂದಂತೆ ನಮೂದಾಗಿದ್ದರೆ, ಯಂತ್ರವು ತೋರಿಸುವುದು ಒಂದೇ ಹೆಸರನ್ನು. ಆ ಹೆಸರಿನವರು ನಿರಪರಾಧಿಯೆಂದು ಸಾಧಿಸಲು ಅವರ ಬಳಿ ಏನೂ ಉಳಿದಿರುವುದಿಲ್ಲ. ತಮ್ಮ ಪ್ರವೇಶ ಪದವನ್ನು ಯಾರಿಗೂ ಕೊಡಬಾರದೆಂಬ ನಿಯಮ ಮೊದಲು ಕಾಪಾಡುವುದು ನೌಕರರನ್ನೇ.

ಸುಳ್ಳು ಖಾತೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. 2016ರಲ್ಲಿ ಅಮೆರಿಕಾದ ಫ್ಲಾರಿಡಾ ರಾಜ್ಯದ ಲೇಕ್ ಕೌಂಟಿಯಲ್ಲಿ ಬೆಳಕಿಗೆ ಬಂದ ಪ್ರಸಂಗವೊಂದು ಜಗತ್ತಿನ ಗ್ರಂಥಪಾಲಕರಲ್ಲಿ ಬಹಳ ಚರ್ಚೆಗೆ ಕಾರಣವಾಯಿತು. ಅಲ್ಲಿಯ ಸಾರ್ವಜನಿಕ ಗ್ರಂಥಾಲಯವೊಂದರಲ್ಲಿ, ಇಲ್ಲದ ಓದುಗನೊಬ್ಬನ ಹೆಸರಿನಲ್ಲಿ ಸಿಬ್ಬಂದಿಯೇ ಖಾತೆ ತೆರೆದಿದ್ದರು. ಒಂಬತ್ತು ತಿಂಗಳಲ್ಲಿ ಆ ಕಲ್ಪಿತ ಓದುಗ ಎರವಲು ಪಡೆದ ಪುಸ್ತಕಗಳು 2,361. ಒಂದೂ ಬಾಗಿಲು ದಾಟಿರಲಿಲ್ಲ. ಬಹುಕಾಲ ಯಾರೂ ಒಯ್ಯದ ಪುಸ್ತಕವನ್ನು ಕಪಾಟಿನಿಂದ ತೆಗೆದುಹಾಕುವ ಪದ್ಧತಿ ಅಲ್ಲಿದೆ. ಹಾಗೆ ತೆಗೆದದ್ದನ್ನು ಓದುಗರು ಕೇಳಿದಾಗ ಮತ್ತೆ ಹಣ ಕೊಟ್ಟು ಕೊಳ್ಳಬೇಕಾಗುತ್ತದೆ. ಒಳ್ಳೆಯ ಪುಸ್ತಕಗಳನ್ನು ಆ ಗತಿಯಿಂದ ಉಳಿಸಲೆಂದೇ ಹೀಗೆ ಮಾಡಿದ್ದೆಂಬುದು ಸಿಬ್ಬಂದಿಯ ಸಮರ್ಥನೆಯಾಗಿತ್ತು. ಅನೇಕರು ಅವರನ್ನು ಪುಸ್ತಕಪ್ರೇಮಿಗಳೆಂದು ಕೊಂಡಾಡಿದರು.

ಪುಸ್ತಕಪ್ರೇಮ ನಿಜವಿರಬಹುದು. ಆದರೆ ಯಾವ ಪುಸ್ತಕ ಓದುಗರಿಗೆ ಬೇಕಾಗಿದೆ, ಯಾವ ಭಾಗಕ್ಕೆ ಹೆಚ್ಚು ಹಣ ಬೇಕು ಎಂಬುದನ್ನು ಎರವಲು ಅಂಕಿಅಂಶದಿಂದಲೇ ತೀರ್ಮಾನಿಸುವಾಗ ಆ ಅಂಕಿಗಳನ್ನೇ ಕೆಡಿಸಿದರೆ ಇತರ ಶಾಖೆಗಳ ಓದುಗರ ಪಾಲು ಅರಿವಿಲ್ಲದೆ ಇತ್ತ ಬರುತ್ತದೆ. ತೆಗೆದುಹಾಕುವ ಪದ್ಧತಿ ತಪ್ಪೆಂದು ತೋರಿದ್ದರೆ ಅದನ್ನು ಬರಹದಲ್ಲಿ ಮೇಲಿನವರಿಗೆ ತಿಳಿಸುವ ದಾರಿಯಿತ್ತು. ಕರ್ನಾಟಕದ ಶಾಲಾ ಗ್ರಂಥಾಲಯಗಳಿಗೆ ಈ ಪ್ರಸಂಗ ದೂರದ್ದೆಂದು ತೋರಬಹುದು. ತಪಾಸಣೆಯವರು ಬರುವ ಹಿಂದಿನ ವಾರ ಎರವಲು ರಿಜಿಸ್ಟರಿನಲ್ಲಿ ವಿದ್ಯಾರ್ಥಿಗಳ ಹೆಸರುಗಳು ಒಂದೇ ಶಾಯಿಯಲ್ಲಿ, ಒಂದೇ ಕೈಬರಹದಲ್ಲಿ ತುಂಬಿಕೊಳ್ಳುವುದನ್ನು ಕಂಡವರಿಗೆ ಅದು ಅಷ್ಟು ದೂರವೆನಿಸದು.

ಇನ್ನು ಸಣ್ಣಪುಟ್ಟ ವಸ್ತುಗಳು. ಜೆರಾಕ್ಸ್ ಯಂತ್ರ, ಕಾಗದ, ಮುದ್ರಣಯಂತ್ರದ ಶಾಯಿ ಇವನ್ನು ಸ್ವಂತಕ್ಕೆ ಬಳಸಿದರೆ ವಿದ್ಯಾರ್ಥಿ ತೆರುವ ದರವನ್ನೇ ತೆತ್ತು ರಸೀದಿ ಪಡೆಯುವುದು ಸರಿ. ಹಳೆಯ ಪತ್ರಿಕೆಗಳ ರದ್ದಿಯನ್ನು ತೂಗಿ ಮಾರಿದ ಹಣ ಸಂಸ್ಥೆಯ ಲೆಕ್ಕಕ್ಕೆ ಸೇರಬೇಕು. ಗ್ರಂಥಾಲಯದಿಂದ ತೆಗೆದುಹಾಕಿದ ಪುಸ್ತಕಗಳನ್ನು ಸಿಬ್ಬಂದಿ ಕೊಳ್ಳಬಾರದೆಂದಿಲ್ಲ. ಆದರೆ ಪಟ್ಟಿಯನ್ನು ಫಲಕದಲ್ಲಿ ಹಚ್ಚಿ ವಿದ್ಯಾರ್ಥಿಗಳಿಗೆ ಮೊದಲ ಅವಕಾಶ ಕೊಟ್ಟ ಮೇಲೆ ಕೊಳ್ಳಲಿ, ತೆಗೆಯುವ ತೀರ್ಮಾನವನ್ನು ಮಾಡಿದವರೇ ಕೊಳ್ಳುವವರಾಗದಿರಲಿ. ದಾನಿಗಳು ಕೊಟ್ಟ ಪುಸ್ತಕಗಳು ಪ್ರವೇಶ ರಿಜಿಸ್ಟರಿಗೆ ಏರುವ ಮುನ್ನ ಮೂಲೆಯ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಬಿದ್ದಿರುತ್ತವೆ. ಆ ಅವಧಿಯಲ್ಲಿ ಅವು ಯಾರ ಪುಸ್ತಕಗಳೂ ಅಲ್ಲ. ಆದ್ದರಿಂದ ಪೆಟ್ಟಿಗೆ ಬಂದ ದಿನವೇ ದಾನಿಗಳ ಎದುರಿಗೆ ಪಟ್ಟಿ ಮಾಡಿ ಒಂದು ಪ್ರತಿಯನ್ನು ಅವರ ಕೈಗೆ ಕೊಡುವುದು ಲೇಸು.

ಓದುಗರ ಖಾತೆಯನ್ನು ಕುತೂಹಲಕ್ಕಾಗಿ ತೆರೆದು ನೋಡುವುದೂ ಒಂದು ರೀತಿಯ ಸ್ವಂತ ಬಳಕೆಯೇ. ಯಾವ ಅಧ್ಯಾಪಕರು ಯಾವ ಪರೀಕ್ಷೆಗೆ ಓದುತ್ತಿದ್ದಾರೆ, ಯಾವ ಹುಡುಗಿ ಯಾವ ಕಾಯಿಲೆಯ ಪುಸ್ತಕ ಒಯ್ದಳು ಎಂಬುದು ಮೇಜಿನ ಹಿಂದೆ ಕುಳಿತವರಿಗೆ ತಿಳಿಯುತ್ತದೆ. ಅದು ಅಲ್ಲಿಯೇ ನಿಲ್ಲಬೇಕು. ಕೆಲಸಕ್ಕಾಗಿ ಅಲ್ಲದೆ ಬೇರೊಬ್ಬರ ಖಾತೆಯನ್ನು ತೆರೆಯಕೂಡದು. 1939ರಲ್ಲಿ ಮೊದಲ ಬಾರಿಗೆ ವೃತ್ತಿಧರ್ಮದ ಸಂಹಿತೆಯನ್ನು ಅಂಗೀಕರಿಸಿದ ಅಮೆರಿಕಾದ ಗ್ರಂಥಾಲಯ ಸಂಘವು ಇಂದಿನ ತನ್ನ ಸಂಹಿತೆಯಲ್ಲಿ ಓದುಗರ ಗೋಪ್ಯತೆಯನ್ನೂ, ಸ್ವಂತ ಹಿತಕ್ಕಾಗಿ ಓದುಗರ, ಸಹೋದ್ಯೋಗಿಗಳ ಮತ್ತು ಸಂಸ್ಥೆಯ ಹಿತವನ್ನು ಬಲಿಗೊಡಬಾರದೆಂಬುದನ್ನೂ ಬೇರೆ ಬೇರೆಯಾಗಿಯೇ ಹೇಳಿದೆ.

ಈ ಎಲ್ಲ ನಿಯಮಗಳೊಂದಿಗೆ ಇನ್ನೊಂದು ಮಾತು ಸೇರದಿದ್ದರೆ ಅವು ನೌಕರರ ಕೊರಳಿಗೆ ಉರುಳಾದಾವು. ಕಳೆದ ಪ್ರತಿಯೊಂದು ಪುಸ್ತಕದ ಬೆಲೆಯನ್ನೂ ಗ್ರಂಥಪಾಲಕರ ಸಂಬಳದಿಂದ ಹಿಡಿಯುವ ಕೆಟ್ಟ ಪದ್ಧತಿ ಕೆಲವು ಕಡೆ ಇನ್ನೂ ಉಳಿದಿದೆ. ಭಾರತ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ 215ನೆಯ ನಿಯಮ ಈ ವಿಷಯದಲ್ಲಿ ಉದಾರವಾಗಿದೆ. ವರ್ಷದಲ್ಲಿ ನೀಡಿದ ಅಥವಾ ಪರಾಮರ್ಶೆಗೆ ಬಳಸಿದ ಪ್ರತಿ ಸಾವಿರ ಸಂಪುಟಗಳಿಗೆ ಐದರಷ್ಟು ನಷ್ಟವನ್ನು, ಅಪ್ರಾಮಾಣಿಕತೆಯಾಗಲಿ ನಿರ್ಲಕ್ಷ್ಯವಾಗಲಿ ಕಾರಣವಲ್ಲದಿದ್ದರೆ, ಸಹಜವೆಂದು ಅದು ಒಪ್ಪುತ್ತದೆ. ಸಾವಿರ ರೂಪಾಯಿಗೆ ಮೀರಿದ ಪುಸ್ತಕ ಹಾಗೂ ಅಪೂರ್ವ ಗ್ರಂಥ ಕಳೆದರೆ ಮಾತ್ರ ವಿಚಾರಣೆ ಕಡ್ಡಾಯ. ಇಪ್ಪತ್ತು ಸಾವಿರ ಸಂಪುಟಗಳನ್ನು ಮೀರದ ಗ್ರಂಥಾಲಯದಲ್ಲಿ ಪ್ರತಿವರ್ಷ ಪೂರ್ಣ ಎಣಿಕೆ ಆಗಬೇಕೆಂದೂ ಅಲ್ಲಿ ಹೇಳಿದೆ. ಮಠದ ಸಂಸ್ಥೆಗಳಿಗೆ ಇದು ನೇರವಾಗಿ ಅನ್ವಯಿಸದಿದ್ದರೂ ಮಾದರಿಯಾಗಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಸಂಬಳ ಹೋದೀತೆಂದು ಹೆದರಿದ ಗ್ರಂಥಪಾಲಕರು ಮಾಡುವ ಮೊದಲ ಕೆಲಸವೆಂದರೆ ಕಪಾಟಿಗೆ ಬೀಗ ಹಾಕುವುದು. ಆಗ ನಷ್ಟವೂ ಇಲ್ಲ, ಓದೂ ಇಲ್ಲ. ಬಟ್ಟೆಯಲ್ಲಿ ಸುತ್ತಿ ಪೂಜೆಯ ಕೋಣೆಯಲ್ಲಿ ಇಟ್ಟ ತಾಡವೋಲೆಗಳು ತಲೆಮಾರುಗಳ ಕಾಲ ಸುರಕ್ಷಿತವಾಗಿಯೇ ಇದ್ದವು. ಅವುಗಳನ್ನು ಊರೂರು ಅಲೆದು ಹುಡುಕಿ, ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚಿನಲ್ಲಿ ತಂದ ಮೇಲಲ್ಲವೆ ಸಾಮಾನ್ಯ ಓದುಗನಿಗೆ ವಚನಗಳು ಸಿಕ್ಕಿದ್ದು?

ಕೊನೆಯದಾಗಿ, ಈ ಸಂಚಿಕೆಯನ್ನು ಓದುವ ಅಧ್ಯಾಪಕರಿಗೂ ಹಳೆಯ ವಿದ್ಯಾರ್ಥಿಗಳಿಗೂ ದಾನಿಗಳಿಗೂ ತುಸು ಅಪ್ರಿಯವಾಗಬಹುದಾದ ವಿಷಯ. ಗ್ರಂಥಾಲಯದ ಸೇವಕರು ತಮ್ಮ ನಾಲ್ಕು ಪುಸ್ತಕಗಳನ್ನು ಬರೆಸಿಯೇ ಒಯ್ಯಬೇಕೆಂದು ನಿಯಮ ಮಾಡುವ ದಿನವೇ, ಆಡಳಿತ ಮಂಡಳಿಯ ಸದಸ್ಯರೊಬ್ಬರು ಕಾರಿನಿಂದ ಇಳಿಯದೆ ಆಳನ್ನು ಕಳಿಸಿ ವಿಶ್ವಕೋಶದ ಒಂದು ಸಂಪುಟವನ್ನು ತರಿಸಿಕೊಂಡರೆ ಆ ನಿಯಮ ಎಷ್ಟು ದಿನ ನಿಂತೀತು? ಪುಸ್ತಕಗಳನ್ನು ದಾನ ಮಾಡಿದವರು ತಮ್ಮದೇ ಪುಸ್ತಕವೆಂಬ ಸಲಿಗೆಯಿಂದ ಒಂದನ್ನು ಎತ್ತಿಕೊಂಡು ಹೋಗುವುದುಂಟು. ಹಿರಿಯ ಅಧ್ಯಾಪಕರ ಮನೆಯಲ್ಲಿ ಸಂಸ್ಥೆಯ ಮುದ್ರೆಯ ನಿಘಂಟು ಅವರ ನಿವೃತ್ತಿಯ ನಂತರವೂ ಇರುವುದುಂಟು. ಹೆಸರು ಬರೆಯಿರಿ ಎಂದು ಇವರನ್ನು ಕೇಳುವ ಧೈರ್ಯ, ತಿಂಗಳ ಸಂಬಳದ ಮೇಲೆ ಬದುಕುವ ಗ್ರಂಥಪಾಲಕರಿಗೆ ಎಲ್ಲಿಂದ ಬರಬೇಕು? ಕೇಳದಿದ್ದರೆ ಮಾರ್ಚಿಯ ಎಣಿಕೆಯಲ್ಲಿ ಆ ನಷ್ಟ ಅವರ ತಲೆಗೇ ಬರುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ ಸರ್ಕಾರದ ಸಾರ್ವಜನಿಕ ಗ್ರಂಥಾಲಯಗಳಿಗೆ ಸಂಬಂಧಿಸಿದ್ದು. ಮಠದ ಶಾಲೆಯ ಕಪಾಟಿನೊಳಗಿನ ಈ ಸಂಕೋಚವನ್ನು ಬಗೆಹರಿಸಲು ಯಾವ ಅಧಿನಿಯಮವೂ ಬರುವುದಿಲ್ಲ.

ಆದುದರಿಂದ ಮುಂದಿನ ಶೈಕ್ಷಣಿಕ ವರ್ಷದ ಆರಂಭಕ್ಕೆ ಸಿಬ್ಬಂದಿಯ ಎರವಲಿಗೆಂದು ಪ್ರತ್ಯೇಕ ಪುಸ್ತಕ ತೆರೆಯುವ ಸಂಸ್ಥೆಗಳು ಅದರ ಮೊದಲ ಪುಟವನ್ನು ಆಡಳಿತ ಮಂಡಳಿಯ ಅಧ್ಯಕ್ಷರಿಗೆ, ಎರಡನೆಯದನ್ನು ಕಾರ್ಯದರ್ಶಿಗಳಿಗೆ, ಮೂರನೆಯದನ್ನು ಮುಖ್ಯೋಪಾಧ್ಯಾಯರಿಗೆ ಮೀಸಲಿಟ್ಟು, ಗ್ರಂಥಪಾಲಕರ ಹೆಸರನ್ನು ನಾಲ್ಕನೆಯ ಪುಟದಲ್ಲಿ ಬರೆಯುವುದು ಉಚಿತ. ಹಳೆಯ ಪುಸ್ತಕಗಳನ್ನು ಮರಳಿಸಲು ಜೂನ್ ತಿಂಗಳ ಪೂರ್ತಿ ಅವಕಾಶವಿರಲಿ. ಆ ಒಂದು ತಿಂಗಳು ಬಾಗಿಲ ಬಳಿ ಒಂದು ಖಾಲಿ ಮೇಜನ್ನು ಇಟ್ಟು, ತಂದಿಟ್ಟವರ ಹೆಸರು ಕೇಳದಿರುವುದು, ದಂಡ ಹಿಡಿಯದಿರುವುದು ಒಳ್ಳೆಯದು.